ಆಟದ ವೀರನಿಗೆ ಸತ್ತ ತಾಯಿಯೇ ಬೇಕಂತೆ

ಕುರುಗೋಡಿನ ಪಿಯು ಕಾಲೇಜೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಹೋದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಡೆಸ್ಕಿನ ಕೆಳಗೆ ಫೋನು ಹಿಡಿದು ಬಗ್ಗಿ ಕೂತಿದ್ದಳು. ಹೋಗಿ ಕಸಿದುಕೊಂಡೆ. ತೆರೆಯ ಮೇಲೆ ಒಂದು ಊರು ಉರಿಯುತ್ತಿತ್ತು. ಹುಲ್ಲಿನ ಗುಡಿಸಲು, ಬಾವಿ, ಗೂಟಕ್ಕೆ ಕಟ್ಟಿದ ಎಮ್ಮೆ, ಊರಬಾಗಿಲ ಕಡೆ ಮಿಣುಕುವ ಹಳದಿ ಬಾಣ. ಕೆಳಗೆ ಕನ್ನಡ ಅಕ್ಷರದಲ್ಲಿ, "ಓಡು ನನ್ನ ಕಂದಾ, ನನ್ನ ಕಡೆ ನೋಡಬೇಡ, ಓಡು!" ಆ ಸಾಲು ಬರೆದವಳು ನಾನೇ.

"ಇದು ಬರೀ ಶುರು ಐತ್ರಿ ಮಿಸ್," ಅಂದಳು ಹುಡುಗಿ, ನಾನು ಆಟ ನೋಡಿ ಗಾಬರಿಯಾದೆ ಅಂದುಕೊಂಡು. "ಮೊದ್ಲು ಊರು ಸುಡಬೇಕ್ರಿ, ಅವರವ್ವ ಸಾಯಬೇಕ್ರಿ. ಆಮ್ಯಾಲ ಭಾಳ ಚಲೋ ಐತಿ."

"ಅವ್ವ ಯಾಕ ಸಾಯಬೇಕು?"

"ಸತ್ರನ ಅಂವ ಹೀರೋ ಆಗ್ತಾನ್ರಿ."

ಕ್ಲಾಸು ಮುಗಿದ ಮೇಲೆ ಫೋನು ವಾಪಸ್ಸು ಕೊಟ್ಟೆ. ಹುಡುಗಿಯ ಮುಖ ನೋಡದೆ ಹೊರಟುಬಿಟ್ಟೆ. ಪಾಠದ ಹೊತ್ತಿನಲ್ಲಿ ಆಟ ಆಡಿದ್ದಕ್ಕೆ ಮಿಸ್ಸಿಗೆ ಸಿಟ್ಟು ಬಂದಿದೆ ಎಂದುಕೊಂಡಿರಬೇಕು ಮಕ್ಕಳು. ಅದಕ್ಕಲ್ಲ. ಆ ಬೆಂಕಿಯ ಜೊತೆ ಒಂದು ಮುಂಗಾರು ಪೂರ್ತಿ ಗುದ್ದಾಡಿದವಳು ನಾನು. ಇಷ್ಟು ವರ್ಷ ಆದ ಮೇಲೂ ಆ ಸಿಟ್ಟು ಇಳಿದಿಲ್ಲ. ಇಳಿಯಬಾರದು ಅಂತಲೇ ಈಗ ಬರೆಯುತ್ತಿದ್ದೇನೆ.

ನಮ್ಮೂರು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ. ಹೆಸರು ಹುಲಿಗೆಮ್ಮ. ನಮ್ಮ ಮನೆತನದಲ್ಲಿ ಡಿಗ್ರಿ ಓದಿದವರು ನನಗಿಂತ ಮುಂಚೆ ಯಾರೂ ಇಲ್ಲ. ಬಿ.ಎ. ಅಂದ ಕೂಡಲೇ ಬಾಯಿ ಕೊಂಕಿಸುವವರನ್ನು ನೋಡಿದ್ದೇನೆ. ಕೊಂಕಿಸಲಿ. ಬಸ್ಸು ಬಾರದ ದಿನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಗೊಬ್ಬರದ ಚೀಲದ ಮೇಲೆ ಕೂತು ಸಿರುಗುಪ್ಪಕ್ಕೆ ಹೋಗಿ ಪರೀಕ್ಷೆ ಬರೆದಿದ್ದೇನೆ. ನಾಟಿ ಹಚ್ಚಿ ಹಚ್ಚಿ ಬೆರಳ ಸಂದಿ ಹುಣ್ಣಾಗಿ, ಪೆನ್ನಿಗೆ ಬಟ್ಟೆ ಸುತ್ತಿಕೊಂಡು ಬರೆದದ್ದೂ ಉಂಟು. ಆ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ನಗುವವರು ನಗಲಿ.

ಅಪ್ಪ ಭತ್ತದ ಲಾರಿಯ ಮೇಲಿಂದ ಬಿದ್ದು ತೀರಿಕೊಂಡಾಗ ನನಗೆ ಆರು ವರ್ಷ. ಆಮೇಲೆ ಅವ್ವನೇ ಎಲ್ಲ. ಅವ್ವನ ಹೆಸರು ಈರಮ್ಮ. ಹನ್ನೆರಡು ಹೆಂಗಸರ ನಾಟಿ ಗುಂಪಿನಲ್ಲಿ ಅವಳ ಕೈ ಎಲ್ಲರಿಗಿಂತ ಚುರುಕು. ಈ ನಾಟಿಯ ಕೆಲಸದ್ದು ಒಂದು ರೀತಿ ಇದೆ, ಹೇಳಿಬಿಡುತ್ತೇನೆ. ಭತ್ತದ ಸಸಿ ಹಚ್ಚುವವರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಬೆನ್ನ ಹಿಂದಿನ ಬದುವನ್ನು ಮೊದಲು ಮುಟ್ಟಿದವಳು ಮೇಲೆ ಹತ್ತುವಂತಿಲ್ಲ. ಪಕ್ಕದವಳ ಪಾಲಿಗೆ ಬಂದ ನೆಲದ ಪಟ್ಟಿಗೆ ಕಾಲಿಟ್ಟು ಅವಳ ಉಳಿದ ಸಾಲು ಹಚ್ಚಿಕೊಡಬೇಕು. ಅದು ಮುಗಿದ ಮೇಲೆ ಇಬ್ಬರೂ ಸೇರಿ ಮೂರನೆಯವಳಿಗೆ. ಹನ್ನೆರಡು ಜನವೂ ಮುಗಿಸಿದ ಮೇಲೆಯೇ ಕೂಡಿ ಬದು ಹತ್ತುವುದು. ಇದರಲ್ಲಿ ಕರುಣೆ ಗಿರುಣೆ ಏನಿಲ್ಲ, ಕೆಲಸ ಮಾಡುವ ಬಗೆಯೇ ಹಾಗೆ. ಮೊದಲೇ ಹತ್ತಿ ಸೆರಗಿನಿಂದ ಗಾಳಿ ಹಾಕಿಕೊಂಡವಳಿಗೆ "ಏನಬೇ, ಗೌಡ್ತಿ ಆದೇನು?" ಅನ್ನುವ ಮಾತು ಬೀಳುತ್ತದೆ. ಎರಡನೇ ಸಲ ಯಾರೂ ಹತ್ತುವುದಿಲ್ಲ.

ಡಿಗ್ರಿ ಮುಗಿದ ವರ್ಷ, ಕೆನಾಲಿಗೆ ನೀರು ಬಿಡುವ ಹೊತ್ತಿಗೆ, ನನಗೆ ಬಳ್ಳಾರಿಯಲ್ಲಿ ಕೆಲಸ ಸಿಕ್ಕಿತು. ಕೌಲ್ ಬಜಾರಿನ ಒಂದು ಸಂದಿ. ಕೆಳಗೆ ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆ, ಮೇಲಿನ ಮಹಡಿಯಲ್ಲಿ ಐದು ಕಂಪ್ಯೂಟರಿನ ಆಫೀಸು. ಕೆಳಗಿನ ಹೊಲಿಗೆ ಮಷೀನುಗಳು ಶುರುವಾದರೆ ನಮ್ಮ ಮೇಜಿನ ಮೇಲಿನ ಚಾ ಲೋಟ ನಡುಗುತ್ತಿತ್ತು. ಬೆಂಗಳೂರಿನ ಕಂಪನಿಯೊಂದು ಮಾಡುತ್ತಿದ್ದ ಆಟಕ್ಕೆ ಕನ್ನಡ ಮಾತು ಬರೆದುಕೊಡುವುದು ನಮ್ಮ ಕೆಲಸ. ಪಾತ್ರ ತೊಟ್ಟು ಆಡುವ ಆಟ. ಆಡುವವರೇ ವೀರನಾಗಿ ಊರೂರು ತಿರುಗಿ, ಕಾದಾಡಿ, ಶಕ್ತಿ ಗಳಿಸಿ, ಹಂತ ಹಂತವಾಗಿ ಏರಿ, ಕೊನೆಗೆ ದುಷ್ಟ ರಾಜನನ್ನು ಗೆಲ್ಲಬೇಕು. ವೀರನ ಹೆಸರು ಧೀರಕೇತು.

ಆಫೀಸು ನಡೆಸುತ್ತಿದ್ದವರು ಶ್ರೀಕಾಂತ್ ಸರ್. ಬಳ್ಳಾರಿಯವರೇ, ಹೈದರಾಬಾದಿನಲ್ಲಿ ಓದಿ ಬಂದವರು. ನನ್ನ ಬರಹದ ಮಾದರಿ ನೋಡಿ, "ನಿಮ್ಮ ಕನ್ನಡದಲ್ಲಿ ಮಣ್ಣಿದೆ ಹುಲಿಗೆಮ್ಮ," ಅಂದರು. ಆಗ ಹೊಗಳಿಕೆ ಅಂದುಕೊಂಡಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಕೆಲಸ ಕಾಯಂ ಮಾಡುವ ಪತ್ರ ಕೊಡುತ್ತೇನೆ ಅಂತ ಹೇಳಿದರು. ಅದನ್ನು ಕೇಳಿ ಅವ್ವ ಇಡೀ ಗುಂಪಿಗೆ ಮಿರ್ಚಿ ಮಾಡಿ ಹಾಕಿದ್ದಳು.

ನನ್ನ ಪಕ್ಕದ ಕುರ್ಚಿ ನಸ್ರೀನಳದು. ಅದೇ ಕೌಲ್ ಬಜಾರಿನ ಹುಡುಗಿ. ಅವಳಪ್ಪ ಆಟೋ ಓಡಿಸುತ್ತಾರೆ. ಇಂಥ ಆಟ ಆಡಿ ಆಡಿ ಪಳಗಿದವಳು. ಆಟದಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ನನಗೆ ಗುಂಡಿ ಒತ್ತುವುದು ಕಲಿಸಿದವಳು ಅವಳೇ. ಮೊದಲ ವಾರ ನನಗೆ ಒಂದರ ಮೇಲೊಂದು ಆಟ ತೋರಿಸಿದಳು.

"ಇದರಾಗ ಹೀರೋನ ಅಮ್ಮ ಸಾಯ್ತಾಳ. ಇದರಾಗ ತಂಗಿ. ಇದರಾಗ ಗುರು. ಇದರಾಗ ಇಡೀ ಊರು ಖತಂ."

"ಯಾವುದರಾಗಾದ್ರೂ ಅಮ್ಮ ಬದುಕಿರ್ತಾಳೇನಬೇ?"

ನಸ್ರೀನ್ ಯೋಚನೆ ಮಾಡಿದಳು. "ಒಂದ್ರಾಗ ಇದ್ಲು ಯಾರ್. ಕಡೀಗೆ ನೋಡಿದ್ರ ಅಕಿನೇ ವಿಲನ್."

ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದನ್ನೂ ಹೇಳಬೇಕು. ಧೀರಕೇತುವಿನ ತಾಯಿ ಸಾಯುವ ದೃಶ್ಯಕ್ಕೆ ನಾನು ಬರೆದ ಮಾತು ಓದಿ ನಸ್ರೀನ್ ಕಣ್ಣು ಒರೆಸಿಕೊಂಡಳು. ಸರ್ ಎದ್ದು ಬಂದು ಬೆನ್ನು ತಟ್ಟಿದರು. ನಾನು ಒಂದು ವಾರ ಎದೆ ಉಬ್ಬಿಸಿಕೊಂಡು ತಿರುಗಿದೆ. ಹಚ್ಚೊಳ್ಳಿಯ ನಮ್ಮವ್ವ ನನಗೆ ಅನ್ನುವ "ಕಂದಾ"ವನ್ನೇ ತೆಗೆದು ಆ ಬೆಂಕಿಗೆ ಹಾಕಿದ್ದೆ.

ಆಫೀಸಿನ ಗೋಡೆಯ ಮೇಲೆ ಸರ್ ಒಂದು ಗೆರೆ ಎಳೆದಿದ್ದರು. ಶುರುವಿನಲ್ಲಿ ನೆಟ್ಟಗೆ, ಆಮೇಲೆ ಗುಂಡಿಗೆ ಬಿದ್ದಂತೆ ಕೆಳಕ್ಕೆ, ಅಲ್ಲಿಂದ ಮೇಲಕ್ಕೆ. ಗುಂಡಿಯ ಬಳಿ "ನಷ್ಟ" ಅಂತ, ತುದಿಯಲ್ಲಿ "ಗೆಲುವು" ಅಂತ ಬರೆದಿತ್ತು. "ಗುಂಡಿ ಎಷ್ಟು ಆಳ ಇರುತ್ತೋ ಗೆಲುವು ಅಷ್ಟು ಎತ್ತರ ಕಾಣುತ್ತೆ," ಅನ್ನುತ್ತಿದ್ದರು. ನಾನು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಆ ಗುಂಡಿಯಲ್ಲಿ ಯಾರನ್ನು ಹೂಳುತ್ತಾರೆ ಅನ್ನುವುದು ತಲೆಗೇ ಬಂದಿರಲಿಲ್ಲ.

ಹಿಂದೆ ಎಂದೂ ಇಂಥ ಆಟ ಮುಟ್ಟದವರಿಂದ ಒಮ್ಮೆ ಆಡಿಸಿ ನೋಡಿ ಅಂತ ಬೆಂಗಳೂರಿನಿಂದ ಹೇಳಿ ಕಳಿಸಿದರು. ಅದೇ ವಾರ ಎಲ್ಲೋ ಕೆನಾಲು ಒಡೆದು ಗದ್ದೆಗೆ ನೀರು ಬರುವುದು ನಿಂತಿತ್ತು. ಅವ್ವನ ಗುಂಪಿಗೆ ಕೆಲಸವಿರಲಿಲ್ಲ. ನಾನು, ನಸ್ರೀನ್ ಎರಡು ಟ್ಯಾಬ್ ಚೀಲದಲ್ಲಿ ಹಾಕಿಕೊಂಡು ಹಚ್ಚೊಳ್ಳಿ ಬಸ್ಸು ಹತ್ತಿದೆವು. ನಮ್ಮ ಮನೆಯ ಕಟ್ಟೆಯ ಮೇಲೆ ಆರು ಜನ ಹೆಂಗಸರು ಕೂತರು. ಅವ್ವನ ಪಕ್ಕಕ್ಕೆ ಗುಂಪಿನ ಹಿರಿಯಳು ಗಂಗಮ್ಮ ದೊಡ್ಡವ್ವ. ಓದು ಬಾರದವರಿಗೆ ನಾನೇ ಓದಿ ಹೇಳಿದೆ. ಗುಂಡಿ ಒತ್ತುವುದನ್ನು ಅವರು ನನಗಿಂತ ಬೇಗ ಕಲಿತರು. ಸಸಿ ಹಚ್ಚುವ ಬೆರಳಲ್ಲವೇ.

ಊರಿಗೆ ಬೆಂಕಿ ಬಿತ್ತು. ಬಾಣ ಊರಬಾಗಿಲ ಕಡೆ ಮಿಣುಕಿತು. "ಇಲ್ಲಿಂದ ಹೊರಗೆ ಓಡಬೇಕ್ರಿ ಅತ್ತಿ," ಅಂದಳು ನಸ್ರೀನ್.

ಯಾರೂ ಓಡಲಿಲ್ಲ.

ಅವ್ವ ಸೀದಾ ಎಮ್ಮೆಯ ಹತ್ತಿರ ಹೋದಳು. "ಕಣ್ಣಿ ಬಿಚ್ಚಾಕ ಯಾವುದು ಒತ್ತಬೇಕು?"

"ಎಮ್ಮಿ ಬಿಚ್ಚಾಕ ಬರಂಗಿಲ್ಲ ಅತ್ತಿ. ಅದು ಸುಮ್ನ ನೋಡಾಕ ಇಟ್ಟಿದ್ದು."

"ಉರಿಯಾಗ ಎಮ್ಮಿ ಕಟ್ಟಿ ನೋಡಾಕ ಇಡ್ತಾರೇನಬೇ? ಯಾವ ಹಾಟ್ಯಾ ಮಾಡ್ಯಾನಿದನ್ನ?"

ಗಂಗಮ್ಮ ದೊಡ್ಡವ್ವ ಬಾವಿಯ ಕಡೆ ಹೋಗಿ ಅಲ್ಲಿದ್ದ ಕೊಡ ಎತ್ತಲು ನೋಡಿದಳು. ಕೊಡ ಎತ್ತುವ ಗುಂಡಿಯೇ ಆಟದಲ್ಲಿ ಇಲ್ಲ. ಕೈಗೆ ಸಿಕ್ಕಿದ್ದು ಒತ್ತಿದಳು. ವೀರ ಕತ್ತಿ ಬೀಸಿದ. ಕೊಡ ಒಡೆದು ಚಿನ್ನದ ನಾಣ್ಯ ಚೆಲ್ಲಿದವು. ಇಂಥ ಆಟಗಳಲ್ಲಿ ಅದು ಮಾಮೂಲು, ಮಡಕೆ ಕುಡಿಕೆ ಒಡೆದರೆ ಬಹುಮಾನ. ದೊಡ್ಡವ್ವ ಟ್ಯಾಬನ್ನು ತೊಡೆಯ ಮೇಲಿಂದ ದೂರ ತಳ್ಳಿದಳು. "ಅಯ್ಯ ಇವನ ಬಾಯಾಗ ಮಣ್ಣು ಹಾಕ! ಮನಿ ಸುಡಾಕತ್ಯಾವ, ನೀರಿನ ಕೊಡ ಒಡದ್ರ ಇನಾಮು ಕೊಡ್ತಾನಲ್ಲ!"

ಹೊತ್ತು ಮೀರಿ ಬೆಂಕಿ ಎಲ್ಲರನ್ನೂ ನುಂಗಿತು. ತೆರೆಯ ಮೇಲೆ ನಾನೇ ಬರೆದ ಅಕ್ಷರ ಮೂಡಿತು, "ನೀವು ಸೋತಿರಿ." ಮತ್ತೆ ಶುರು ಮಾಡಿದರು. ಈ ಸಲ ಒಬ್ಬಳು ಮುದುಕನನ್ನು ಎಬ್ಬಿಸಲು ಹೋದಳು, ಇನ್ನೊಬ್ಬಳು ಗುಡಿಸಲ ಬಾಗಿಲು ತೆಗೆಯಲು. ನೀವು ಸೋತಿರಿ. ಮತ್ತೆ. ಒಮ್ಮೆ ಗಂಗಮ್ಮ ದೊಡ್ಡವ್ವ ಊರಬಾಗಿಲ ತನಕ ಹೋಗಿಯೇಬಿಟ್ಟಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮುಂದಿನ ಹಂತ. ಅಲ್ಲಿ ನಿಂತು ತಿರುಗಿ ನೋಡಿದಳು. ಪಕ್ಕದ ಟ್ಯಾಬಿನಲ್ಲಿ ಅವ್ವ ಇನ್ನೂ ಎಮ್ಮೆಯ ಹತ್ತಿರವೇ ಇದ್ದಳು. ಅವು ಬೇರೆ ಬೇರೆ ಆಟ, ಅದು ಬೇರೆ ಊರು, ಒಬ್ಬರಿಗೊಬ್ಬರು ಸಂಬಂಧವಿಲ್ಲ ಅಂತ ನಸ್ರೀನ್ ಎಷ್ಟು ಹೇಳಿದರೂ ದೊಡ್ಡವ್ವನಿಗೆ ಒಪ್ಪಿಗೆ ಆಗಲಿಲ್ಲ. "ಈರಿ ಅಲ್ಲೇ ಅದಾಳಲ್ಲಬೇ," ಅಂತ ವಾಪಸ್ಸು ಬಂದು ಸುಟ್ಟುಹೋದಳು.

ಸಂಜೆಯ ತನಕ ಆಡಿದರೂ ಆರು ಜನರಲ್ಲಿ ಒಬ್ಬರೂ ಊರು ದಾಟಲಿಲ್ಲ. ಕೊನೆಗೆ ನಸ್ರೀನ್ ತಾನೇ ಆಟದ ತುದಿ ತೆಗೆದು ತೋರಿಸಿದಳು. ಧೀರಕೇತು ಕಿರೀಟ ತೊಟ್ಟು ಸುಟ್ಟ ಊರಿಗೆ ಮರಳಿ ಬರುತ್ತಾನೆ. ತಾಯಿಯ ಕಲ್ಲಿನ ವಿಗ್ರಹದ ಮುಂದೆ ಕತ್ತಿ ಎತ್ತಿ "ಗೆದ್ದೆ, ತಾಯೇ!" ಅನ್ನುತ್ತಾನೆ. ಆಕಾಶದಿಂದ ಹೂವು ಬೀಳುತ್ತವೆ.

ಅವ್ವ ತೆರೆಯನ್ನು ಆ ಕಡೆ ಈ ಕಡೆ ಸರಿಸಿ ನೋಡಿದಳು. "ಊರಾಗ ಒಂದು ನರಪಿಳ್ಳಿ ಇಲ್ಲ. ಯಾರ ಮುಂದ ಗೆದ್ದ ಇಂವ?"

ಆ ಮಾತನ್ನು ಹಾಗೆಯೇ ವರದಿಯಲ್ಲಿ ಬರೆದೆ. ಆಡಿದವರ ಹೆಸರಿನ ಮುಂದೆ "ಈರಮ್ಮ, ಕೃಷಿ ಕೂಲಿ" ಅಂತ ಹಾಕಿದೆ. ಬೆಂಕಿ ಆರಿಸಲು, ದನ ಬಿಚ್ಚಲು, ಜನರನ್ನು ಎಬ್ಬಿಸಲು ದಾರಿ ಬೇಕು, ಅದಿಲ್ಲದಿರುವುದು ಆಟದ ದೋಷ ಅಂತ ಬರೆದೆ. ಶ್ರೀಕಾಂತ್ ಸರ್ ಓದಿ ನಕ್ಕರು. "ಆಟದ ದೋಷ ಅಲ್ಲ ಹುಲಿಗೆಮ್ಮ. ಅವರಿಗೆ ಆಟ ಅರ್ಥ ಆಗಿಲ್ಲ. ಬೆಂಕಿ ಆರಿಸಿಬಿಟ್ಟರೆ ಕಥೆ ಎಲ್ಲಿದೆ? ಏನೂ ಕಳಕೊಳ್ಳದವನು ಯಾಕೆ ಹೊರಡ್ತಾನೆ?"

"ಕಳಕೊಂಡಿದ್ದು ಅವನೊಬ್ಬನೇನ್ರಿ ಸರ್? ಸತ್ತವರು ಏನೂ ಕಳಕೊಳ್ಳಲಿಲ್ಲೇನು?"

"ಅವರು ಪಾತ್ರ ಅಷ್ಟೇ."

ಇದನ್ನು ಬಳ್ಳಾರಿಯಲ್ಲಿ ಹುಟ್ಟಿ ಬೆಳೆದ ಮನುಷ್ಯ ಹೇಳಿದ್ದು. ನಮ್ಮಂಥವರು ಸುಟ್ಟುಹೋದರೆ ಅದು ನಮ್ಮ ನಷ್ಟ ಅಲ್ಲ, ಯಾರೋ ಒಬ್ಬ ಮೇಲೆ ಹತ್ತುವವನ ನಷ್ಟ. ಅವನ ಲೆಕ್ಕಕ್ಕೆ ಜಮಾ. ನಮ್ಮ ಸಾವೂ ನಮ್ಮದಲ್ಲ! ಅವತ್ತು ಮಾತು ಬೆಳೆಸಲಿಲ್ಲ. ಕಾಯಂ ಪತ್ರ ಕಣ್ಣ ಮುಂದಿತ್ತು. ಸುಮ್ಮನಿದ್ದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಶ್ರಾವಣ ಅರ್ಧ ಕಳೆದಾಗ ಬೆಂಗಳೂರಿನ ಮ್ಯಾಡಮ್ಮೊಬ್ಬರು ಬಂದು ಕೆಲಸ ನೋಡುತ್ತಾರೆ, ಒಪ್ಪಿದರೆ ಇನ್ನೂ ಮೂರು ಆಟದ ಕನ್ನಡ ನಮಗೇ ಸಿಗುತ್ತದೆ ಅಂತ ಸುದ್ದಿಯಾಯಿತು. ಆಟದ ಜೊತೆ ನಮ್ಮ ಪರಿಚಯವೂ ಹಾಕುತ್ತಾರಂತೆ. ಸರ್ ತಾವೇ ಬರೆದು, "ಕನ್ನಡ ಸ್ವಲ್ಪ ತಿದ್ದಿಕೊಡಿ," ಅಂತ ನನಗೆ ಕಳಿಸಿದರು. ತಿದ್ದುತ್ತಾ ಹೋದೆ. ಒಂದು ಒತ್ತಕ್ಷರ ಸರಿ ಮಾಡಿದೆ. ಮೂರನೇ ಸಾಲಿಗೆ ಬಂದೆ. "ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡು, ಗದ್ದೆಯ ಕೆಸರಿನಿಂದ ಒಬ್ಬಂಟಿಯಾಗಿ ಎದ್ದು ಬಂದ ಹುಲಿಗೆಮ್ಮ..."

ಎರಡು ಸಲ ಓದಿದೆ. ಬೇರೆ ಯಾರದೋ ಪರಿಚಯ ಇರಬೇಕು ಅನ್ನಿಸಿತು. ಹೆಸರು ನನ್ನದೇ. ಎದ್ದು ಸರ್ ಕೋಣೆಗೆ ಹೋದೆ.

"ಸರ್, ನಮ್ಮವ್ವ ಅದಾಳ್ರಿ. ನಿನ್ನೆ ಫೋನಿನಾಗ ಮಾತಾಡ್ಯಾಳ."

"ಗೊತ್ತು ಹುಲಿಗೆಮ್ಮ, ಕೂತ್ಕೊಳ್ಳಿ. ಇದು ಪರಿಚಯ ಅಷ್ಟೇ, ರೇಷನ್ ಕಾರ್ಡ್ ಅಲ್ಲ. ಓದುವವರಿಗೆ ತಟ್ಟಬೇಕು."

"ಅಪ್ಪ ತೀರಿಕೊಂಡಿದ್ದು ಸಾಲದೇನ್ರಿ?"

ಸರ್ ನಿಜವಾಗಿಯೂ ಯೋಚನೆ ಮಾಡಿದರು. ಅದೇ ನನಗೆ ಸಹಿಸಲಾಗದ್ದು, ಆ ಯೋಚನೆ. "ಅಪ್ಪ ಅಷ್ಟು ಕೆಲಸ ಮಾಡಲ್ಲ. ತಾಯಿ ಅಂದ್ರೆ ಬೇರೆ. ನೋಡಿ, ನೀವೂ ಒಬ್ಬ ವೀರೆಯೇ. ಧೀರಕೇತುಗೂ ನಿಮಗೂ ಎಷ್ಟು ಹೋಲಿಕೆ! ಹಚ್ಚೊಳ್ಳಿಗೆ ಹೋಗಿ ಯಾರು ಕೇಳ್ತಾರೆ?"

ಹೊರಗೆ ಬಂದು ನಸ್ರೀನಳ ಮುಂದೆ ಕುದಿದೆ. ಅವಳು ತನ್ನ ಪರಿಚಯ ತೆಗೆದು ತೋರಿಸಿದಳು. "ಮನೆಯವರ ತೀವ್ರ ವಿರೋಧವನ್ನು ಮೀರಿ" ಅಂತ ಇತ್ತು.

"ನಮ್ಮ ಅಬ್ಬಾ ದಿನಾ ಮುಂಜಾನೆ ಆಟೋದಾಗ ಬಿಟ್ಟು ಹೋಗ್ತಾರ. ಇದನ್ನ ಓದಿ ತೋರಿಸಿದ್ರ, ನಾ ಯಾವಾಗ ವಿರೋಧ ಮಾಡಿದ್ನಬೇ, ಡೀಸೆಲ್ ಹಾಕಿದ್ದು ವಿರೋಧನಾ ಅಂತಾರ." ನಕ್ಕಳು. ಆಮೇಲೆ ದನಿ ಇಳಿಸಿ, "ಛೋಡ್ ಯಾರ್. ನಿಂಗೂ ನೌಕರಿ ಬೇಕು, ನಂಗೂ ಬೇಕು," ಅಂದಳು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಡಿಗ್ರಿ ಮುಗಿದಾಗ ಊರಲ್ಲಿ ಒಂದು ಸನ್ಮಾನ ಮಾಡಿದ್ದರು. ಅಲ್ಲಿಯೂ ಒಬ್ಬರು ಭಾಷಣದಲ್ಲಿ, "ಯಾರ ಆಸರೆಯೂ ಇಲ್ಲದೆ" ಅಂದರು. ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು. ನನ್ನ ಪರೀಕ್ಷೆಯ ದಿನಗಳಲ್ಲಿ ನನ್ನ ಪಾಲಿನ ಪಟ್ಟಿ ಹಚ್ಚಿಕೊಟ್ಟ ಹನ್ನೊಂದು ಜನ ಹೆಂಗಸರೂ ಅವಳ ಹಿಂದೆ ಕೂತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು! ತಮ್ಮನ್ನು ಅಳಿಸಿಹಾಕಿದ ಮಾತಿಗೆ ತಾವೇ ಚಪ್ಪಾಳೆ ತಟ್ಟಿದರು, ನಾನು ಶಾಲು ಹೊದ್ದು ನಗುತ್ತಾ ನಿಂತಿದ್ದೆ. ಒಬ್ಬಳು ಓದಿದರೆ ಅವಳ ಸುತ್ತ ಇದ್ದವರೆಲ್ಲ ಇಲ್ಲವಾಗಬೇಕು ಅನ್ನುವುದು ಎಲ್ಲಿಯ ನ್ಯಾಯ? ನಾನು ಊರು ಸುಟ್ಟು ಬಂದವಳಲ್ಲ. ನನ್ನನ್ನು ಊರೇ ಬಸ್ಸು ಹತ್ತಿಸಿ ಕಳಿಸಿದ್ದು.

ಆ ಭಾನುವಾರ ಊರಿಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ಕಾಲು ಚಾಚಿ ಕೂತು, ಹಿಮ್ಮಡಿಯ ಬಿರುಕಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

"ಹೌದಾ? ನಾ ಯಾವಾಗ ಸತ್ತೆ?"

"ನಾ ಸಣ್ಣಾಕಿ ಇದ್ದಾಗಂತ."

"ಹಂಗಾರ ಇಷ್ಟು ವರ್ಷ ನಿನ್ನ ಬಟ್ಟಿ ಯಾರಬೇ ಒಗದ್ರು, ದೆವ್ವಾ?" ನಕ್ಕು ನಕ್ಕು ಕೆಮ್ಮು ಬಂತು. "ಗಂಗಮ್ಮಕ್ಕಗ ಹೇಳಬೇಕು. ನನ್ನ ತಿಥಿ ಊಟಕ್ಕ ನಾನೂ ಬರ್ತೀನಿ."

ನಾನು ನಗಲಿಲ್ಲ. ಆಗ ಅವಳೂ ಗಂಭೀರಳಾದಳು. "ಅದು ಇದ್ರ ನೌಕರಿ ಕಾಯಂ ಆಗ್ತೈತೇನು?"

"ಆಗ್ತೈತಿ."

"ಮತ್ಯಾಕ ಜೀವ ತಿಂತಿ? ಬರಕೊಳ್ಳಲಿ ಬಿಡು. ಕಾಗದದಾಗ ಸತ್ರ ನೋಯಂಗಿಲ್ಲ."

ಸರ್ ಮೇಲೆ ಬಂದಿದ್ದಕ್ಕಿಂತ ಹೆಚ್ಚಿನ ಸಿಟ್ಟು ಅವ್ವನ ಮೇಲೆ ಬಂತು. ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಳಲ್ಲ! "ನಿಂಗ ಸ್ವಲ್ಪನೂ ಮಾನ ಇಲ್ಲೇನಬೇ?" ಅಂದುಬಿಟ್ಟೆ. ಅವ್ವ ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟಳು. "ಬಿಸಿಲಾಗ ಬಗ್ಗಿ ನಿಂತು ನೋಡು. ಆಮ್ಯಾಲ ಮಾನದ ಮಾತು ಆಡು," ಅಂದಳು. ಉಣ್ಣದೆ ವಾಪಸ್ಸು ಬಸ್ಸು ಹತ್ತಿದೆ.

ವಾರದ ಮೇಲೆ ಇನ್ನೊಂದು ತೊಡಕು ಕಟ್ಟಿಕೊಂಡಿತು. ನಾನು ಬರೆದ ವರದಿ ಹೇಗೋ ಮ್ಯಾಡಮ್ಮಿನ ಕೈ ಸೇರಿತ್ತು. "ಯಾರ ಮುಂದೆ ಗೆದ್ದ" ಅಂತ ಕೇಳಿದ ಆ ಈರಮ್ಮನವರನ್ನೂ ತಾವು ಬರುವ ದಿನ ಕರೆಸಿ ಅಂತ ಅವರು ಹೇಳಿದರು. ಈರಮ್ಮ ಯಾರು ಅಂತ ಸರ್ ಕೇಳಿದಾಗ ನಿಜ ಹೇಳಿದೆ. ಅವರ ಮುಖ ನೋಡಬೇಕಿತ್ತು. ಕೊನೆಗೆ, "ಬರಲಿ. ತಾಯಿ ಅಂತ ಹೇಳೋದು ಬೇಡ, ಅಷ್ಟೇ. ಒಂದು ದಿನದ ಮಟ್ಟಿಗೆ. ಪತ್ರ ಟೈಪ್ ಆಗಿದೆ ಹುಲಿಗೆಮ್ಮ, ಸಹಿ ಒಂದೇ ಬಾಕಿ," ಅಂದರು. ನಾನು ಅವ್ವನಿಗೆ ಫೋನು ಮಾಡಿ, ಬರಬೇಡ ಅಂತ ಕಟ್ಟುನಿಟ್ಟಾಗಿ ಹೇಳಿದೆ. ಸರ್ ಕೂಡ ಅವಳಿಗೆ ಫೋನು ಮಾಡಿ ಬರಹೇಳಿದ್ದರು ಅನ್ನುವುದು ಆಮೇಲೆ ತಿಳಿಯಿತು.

ಮ್ಯಾಡಮ್ ಬಂದ ದಿನ ಒಂದು ಹೋಟೆಲಿನ ಹಾಲಿನಲ್ಲಿ ಕುರ್ಚಿ ಹಾಕಿಸಿದ್ದರು. ಮ್ಯಾಡಮ್, ಅವರ ಜೊತೆಗೆ ಇಬ್ಬರು, ನಾವು ಆಫೀಸಿನವರು. ದೊಡ್ಡ ತೆರೆಯ ಮೇಲೆ ಧೀರಕೇತುವಿನ ಊರು ಉರಿಯುತ್ತಿತ್ತು. ಬಾಗಿಲು ತೆರೆಯಿತು. ಅವ್ವ. ಗಂಗಮ್ಮ ದೊಡ್ಡವ್ವನ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಉಗುರಿನ ಕೆಸರು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ನನ್ನ ಕಡೆ ನೋಡಲಿಲ್ಲ. ಕೈ ಮುಗಿದು ಕೂತಳು.

ಮ್ಯಾಡಮ್ಮಿಗೆ ಅವ್ವನ ಮಾತು ಬಹಳ ಹಿಡಿಸಿತು. ಎಮ್ಮೆಯ ಸಂಗತಿ ಕೇಳಿ ನಕ್ಕರು, ಏನೋ ಬರೆದುಕೊಂಡರು. ಆಮೇಲೆ, ಕೇಳುವುದು ಸಹಜವೇ, "ಅಮ್ಮಾ, ನೀವು ಹುಲಿಗೆಮ್ಮನವರಿಗೆ ಏನಾಗಬೇಕು?" ಅಂದರು.

"ದೊಡ್ಡವ್ವ ರೀ," ಅಂದಳು ಅವ್ವ, ರೆಪ್ಪೆ ಬಡಿಯದೆ. "ಇಕಿ ಹಡದಾಕಿ ಪಾಪ, ಇಕಿ ಸಣ್ಣಾಕಿ ಇದ್ದಾಗೇ ಹೋದ್ಲು."

ಸರ್ ತಲೆ ತಗ್ಗಿಸಿ ಕಾಗದ ಜೋಡಿಸುತ್ತಿದ್ದರು. ಅವ್ವ ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ತಡೆದುಕೊಳ್ಳುತ್ತಿದ್ದೆನೋ ಏನೋ. ನಿಲ್ಲಿಸಲಿಲ್ಲ. ಸುಳ್ಳು ಗಟ್ಟಿಯಾಗಲಿ ಅಂತ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಭಾಳ ಚಲೋ ಹೆಂಗಸು ಇದ್ಲು ರೀ. ಕೆಲಸ ಅಂದ್ರ ಕೆಲಸ. ಸಾಲು ಹಚ್ಚಾಕ ನಿಂತ್ರ ಒಬ್ರೂ ಅಕಿ ಸಮಾ ಬರ್ತಿದ್ದಿಲ್ಲ. ಮಗಳು ಅಂದ್ರ ಜೀವಾ ಬಿಡ್ತಿದ್ಲು. ಇಕಿಗೇ ಅದು ಗೊತ್ತಿಲ್ಲ, ಬರೀ ಸಿಟ್ಟು ಮಾಡ್ತಾಳ."

ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. "ಇಕಿ ನಮ್ಮವ್ವ ರೀ ಮ್ಯಾಡಮ್. ಸತ್ತಿಲ್ಲ. ಇಕಿನ್ನ ಸಾಯಿಸಿದ್ದು ಆ ಪರಿಚಯದ ಕಾಗದ. ಧೀರಕೇತುನ ಅವ್ವನ್ನ ಯಾಕ ಸಾಯಿಸ್ಯಾರೋ ಅದಕ್ಕ ಇಕಿನ್ನೂ ಸಾಯಿಸ್ಯಾರ. ನಾ ಗೆದ್ದಂಗ ಕಾಣಬೇಕಂತ!"

ಅವ್ವ ಹಲ್ಲು ಕಚ್ಚಿ, "ಸುಮ್ಕ ಕೂಡಬೇ," ಅಂದಳು. ಆಗ ನಸ್ರೀನ್ ಕೈ ಎತ್ತಿದಳು, ಶಾಲೆಯಲ್ಲಿ ಎತ್ತುವಂತೆ. "ನಮ್ಮ ಅಬ್ಬಾನೂ ಕೆಳಗ ಆಟೋದಾಗ ಕುಂತಾರ ರೀ ಮ್ಯಾಡಮ್. ನನ್ನನ್ನ ವಿರೋಧ ಮಾಡಾಕ ಕರೀಲೇನು?"

ಮ್ಯಾಡಮ್ ಕೆಟ್ಟವರಲ್ಲ. ಅವ್ವನ ಕೈ ಹಿಡಿದು ತಪ್ಪಾಯಿತು ಅಂದರು, ಸರಿ ಮಾಡುತ್ತೇವೆ ಅಂದರು. ಸರಿ ಮಾಡಿದ್ದು ಹೇಗೆ ಅಂದರೆ, ಪರಿಚಯವನ್ನೇ ತೆಗೆದುಹಾಕಿದರು. ನನ್ನ ಅವ್ವ ಉಳಿದಳು, ನನ್ನ ಹೆಸರು ಹೋಯಿತು. ಟೈಪ್ ಆಗಿದ್ದ ಪತ್ರಕ್ಕೆ ಸಹಿ ಬೀಳಲಿಲ್ಲ. ಆಟ ಬಂತು. ಮಾತೆಲ್ಲ ನಾನು ಬರೆದದ್ದೇ. ಊರು ಮೊದಲಿನ ಹಾಗೆಯೇ ಸುಡುತ್ತದೆ, ಎಮ್ಮೆ ಗೂಟದಲ್ಲೇ ಇದೆ, ಕೊಡ ಒಡೆದರೆ ನಾಣ್ಯ ಬೀಳುತ್ತವೆ. ನಾನು ಮತ್ತೆರಡು ಹಂಗಾಮು ನಾಟಿ ಹಚ್ಚಿ, ಎಂ.ಎ., ಬಿ.ಎಡ್. ಮಾಡಿಕೊಂಡು ಕುರುಗೋಡಿಗೆ ಬಂದೆ. ಇದನ್ನು ಗೆಲುವು ಅಂತ ಯಾರೂ ಗೋಡೆಯ ಮೇಲೆ ಗೆರೆ ಎಳೆಯುವುದು ಬೇಡ. ಕೈಗೆ ಬಂದ ಕೆಲಸ ಕಳೆದುಕೊಂಡೆ. ಅದು ನಷ್ಟವೇ, ನನ್ನದೂ ಅವ್ವನದೂ.

ಅವತ್ತು ಹಾಲಿನಿಂದ ಬಸ್ ಸ್ಟ್ಯಾಂಡಿನ ತನಕ ಅವ್ವ ನನ್ನ ಮುಂದೆ ಮುಂದೆ ನಡೆದಳು. ಚಾ ಕುಡಿಯೋಣ ಅಂದರೆ ಕೇಳಿಸದವಳ ಹಾಗೆ ಹೋದಳು. ಸಿರುಗುಪ್ಪ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಮುಂದಿನ ಸೀಟಿನಲ್ಲಿ ತೆಕ್ಕಲಕೋಟೆಯ ಹೆಂಗಸೊಬ್ಬಳ ಪಕ್ಕ ಹೋಗಿ ಕೂತಳು. ಬಸ್ಸು ಬಳ್ಳಾರಿ ದಾಟಿತು. ಇಳಿಬಿಸಿಲು ಕಿಟಕಿಯಿಂದ ಅವಳ ಕುತ್ತಿಗೆಯ ಮೇಲೆ ಬೀಳುತ್ತಿತ್ತು. ನಾನು ಹಿಂದೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದೆ.

ಆ ಹೆಂಗಸು ಎರಡು ಸಲ ತಿರುಗಿ ನೋಡಿದಳು. ಆಮೇಲೆ ಅವ್ವನನ್ನು ಕೇಳಿದಳು. "ಯಕ್ಕಾ, ಹಿಂದ ಕುಂತಾಕಿ ನಿನ್ನ ಕೂಡನೇ ಹತ್ತಿದ್ಲಲ್ಲ. ಏನಾಗಬೇಕು ನಿಂಗ?"

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಗದ್ದೆಯ ಈ ತುದಿಯಿಂದ ಆ ತುದಿಗೆ ಕೂಗಿ ಕರೆಯುವ ದನಿಯಲ್ಲಿ, ಇಡೀ ಬಸ್ಸು ತಿರುಗಿ ನೋಡುವ ಹಾಗೆ ಹೇಳಿದಳು.

"ನನ್ನ ಮಗಳು! ನಾನ ಹಡದಾಕಿ! ಬಿ.ಎ. ಓದ್ಯಾಳ, ಬಾಯಿ ಮುಚ್ಚಿಕೊಂಡು ಇರಾಕ ಮಾತ್ರ ಕಲ್ತಿಲ್ಲ."